ಮಗ್ಗಿ ಹೇಳುತ್ತಾ ಓಡಿ, ಅಕ್ಕೋರೇ

ಆಪ್ತಸಲಹೆಗಾರಳಾದ ನನ್ನ ಹತ್ತಿರ ಬಂದ ಮೊದಲ ದಿನ ಅವರು ಕೈಚೀಲದಿಂದ ಒಂದು ಜೊತೆ ರನ್ನಿಂಗ್ ಶೂ ತೆಗೆದು ನನ್ನ ಮೇಜಿನ ಮೇಲಿಟ್ಟರು. ಎಡಗಾಲಿನ ಶೂ ಬೋರಲು ಮಾಡಿದರು. ಏಳೆಂಟು ಜೋಳದ ಕಾಳು ಉದುರಿದವು.

"ನೋಡ್ರಿ ಮೇಡಂ, ನನ್ನ ಮಗ ಇವನ್ನ ಜೋಳದ ಚೀಲದಾಗ ಮುಚ್ಚಿಟ್ಟಿದ್ದ. ಅವಗ ಸ್ವಲ್ಪ ಬುದ್ಧಿ ಹೇಳ್ರಿ."

ಅವರಿಗೆ 63 ವರ್ಷ. ವಿಜಯಪುರದಲ್ಲೇ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ನಮ್ಮ ಕಡೆ ಟೀಚರಿಗೆ ಅಕ್ಕೋರು ಅಂತಾರಲ್ವಾ, ಇಲ್ಲೂ ಹಾಗೇ ಕರೆಯುತ್ತೇನೆ.

ಐವತ್ತು ದಾಟಿದ ಮೇಲೆ ವಾಕಿಂಗ್ ಹೋಗುತ್ತಾ ಹೋಗುತ್ತಾ ಓಟ ಹಿಡಿದವರು ಅಕ್ಕೋರು. ಬೆಳಗ್ಗೆ ಅಂಬೇಡ್ಕರ್ ಕ್ರೀಡಾಂಗಣ, ರಜೆಯ ದಿನ ಭೂತನಾಳ ಕೆರೆಯ ಕಡೆ. ನಮ್ಮೂರಿನ ಓಟದ ಸ್ಪರ್ಧೆಯಾದ ವೃಕ್ಷಥಾನ್‌ನಲ್ಲಿ 10 ಕಿಲೋಮೀಟರ್ ಓಡಿ ಪದಕ ತಂದಿದ್ದರು. ಆಗಸ್ಟ್‌ನಲ್ಲಿ ನ್ಯುಮೋನಿಯಾ ಆಯಿತು. ಹನ್ನೊಂದು ದಿನ ಆಸ್ಪತ್ರೆ, ಅದರಲ್ಲಿ ನಾಲ್ಕು ದಿನ ಐಸಿಯು. ನನ್ನ ಹತ್ತಿರ ಬಂದದ್ದು ಅಕ್ಟೋಬರ್ ಕೊನೆಗೆ. ಡಿಸೆಂಬರ್‌ನ ಓಟಕ್ಕೆ ಹೆಸರು ಕೊಡಬೇಕು, ಮಗ ಬಿಡುತ್ತಿಲ್ಲ, ಅಷ್ಟೇ ಅವರ ದೂರು.

"ಪಂಜಾಬಿನ ಅಜ್ಜ ಫೌಜಾ ಸಿಂಗ್ 89ನೇ ವಯಸ್ಸಿನಾಗ ಮ್ಯಾರಥಾನ್ ಓಡಿದ್ರು. ನನಗೇನಾಗ್ಯದ?" ಅಂದರು.

ನಾನೂ ಇದನ್ನು ತಾಯಿ ಮಗನ ಜಗಳ ಅಂತಲೇ ತಿಳಿದೆ. ಆ ದಿನ ಮಗನ ಬಗ್ಗೆಯೇ ಮಾತಾಡಿ ಕಳಿಸಿದೆ. ಅದು ನನ್ನ ತಪ್ಪು.

ಎರಡನೇ ಸಲ ಬಂದಾಗ ಕರೆಂಟ್ ಹೋಗಿತ್ತು. ಗಾಳಿ ಬರಲಿ ಅಂತ ಮೇಲಿನ ಮಹಡಿಗೆ ಹೋಗೋಣ ಎಂದೆ. ಹನ್ನೆರಡು ಮೆಟ್ಟಿಲು ಹತ್ತಿ ಅಕ್ಕೋರು ಕಂಬಿ ಹಿಡಿದು ನಿಂತರು. ಇನ್ನೊಂದು ಕೈ ಎದೆಯ ಮೇಲಿತ್ತು. ಕಣ್ಣು ಮುಚ್ಚಿಕೊಂಡು ತುಟಿಯಲ್ಲೇ ಉಸಿರು ಎಣಿಸುತ್ತಿದ್ದರು. ಸುಸ್ತಾಗಿ ನಿಂತವರ ಮುಖ ಹಾಗಿರುವುದಿಲ್ಲ. ಹೆದರಿದವರ ಮುಖ ಹಾಗಿರುತ್ತದೆ.

"ಮತ್ತ ಬಂತೇನೋ ಅನಸ್ತದ್ರಿ," ಅಂದರು ಸಣ್ಣ ದನಿಯಲ್ಲಿ. ಮನೆಯಲ್ಲಿ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ.

ಮುಂದಿನ ಸಲ ಮಗನನ್ನೂ ಕರೆಸಿದೆ. ಒಳ್ಳೆಯ ಹುಡುಗ. ಐಸಿಯು ಬಾಗಿಲ ಗಾಜಿನಿಂದ ನಾಲ್ಕು ದಿನ ಅವ್ವನನ್ನು ನೋಡಿದವನು. "ಅವ್ವಗ ದಮ್ಮು ಹತ್ತಿದ್ರ ಸಾಕ್ರಿ, ಆ ಮಾಸ್ಕ್ ಕಣ್ಮುಂದ ಬರ್ತದ," ಅಂದ. ಅಕ್ಕೋರು ಅವನತ್ತ ತಿರುಗಿ ನೋಡಿದರು. ಒಂದೇ ಭಯ ಇಬ್ಬರಲ್ಲೂ ಇತ್ತು. ಅವನು ಶೂ ಬಚ್ಚಿಟ್ಟ, ಇವರು ಸಿಟ್ಟು ಮಾಡಿದರು. ಓಡುವವರಿಗೆ ಏದುಸಿರು ಅಂದ್ರೆ ಖುಷಿ. ಕಾಯಿಲೆ ಬಂದು ಹೋದ ಮನೆಯಲ್ಲಿ ಅದೇ ಏದುಸಿರು ಕೇಳಿದರೆ ಎದೆ ಧಸಕ್ಕನ್ನುತ್ತದೆ.

ಮೊದಲು ಡಾಕ್ಟರ್ ಹತ್ತಿರ ಕಳಿಸಿದೆ. ಓಡಬಹುದಾ ಇಲ್ವಾ ಅಂತ ಹೇಳುವುದು ಆಪ್ತಸಲಹೆಗಾರರ ಕೆಲಸವಲ್ಲ. ಐವತ್ತು ದಾಟಿದವರಿಗೆ ನ್ಯುಮೋನಿಯಾ ಆದರೆ ಆರು ವಾರದ ಹೊತ್ತಿಗೆ ಎದೆಯ ಎಕ್ಸ್‌ರೇ ಮತ್ತೊಮ್ಮೆ ತೆಗೆಸುವುದು ಒಳ್ಳೆಯದು. ಇವರು ತೆಗೆಸಿರಲಿಲ್ಲ. ತೆಗೆಸಿದರು, ಸ್ವಚ್ಛವಾಗಿತ್ತು. ನಿಧಾನಕ್ಕೆ ಶುರು ಮಾಡಿ ಅಂದರು ಡಾಕ್ಟರ್. ಇಬ್ಬರ ಮುಖದಲ್ಲೂ ಅರ್ಧ ಭಾರ ಇಳಿದಿತ್ತು.

ಆಮೇಲೆ ಲೆಕ್ಕ ಮುಂದಿಟ್ಟೆ. ಗಣಿತದ ಅಕ್ಕೋರಿಗೆ ಲೆಕ್ಕವೇ ಸರಿ. ನ್ಯುಮೋನಿಯಾ ಆದವರಿಗೆ ಮೂರು ತಿಂಗಳಾದರೂ ಸುಸ್ತು ಉಳಿಯಬಹುದು. ಬಹಳ ಜನ ಮೊದಲಿನ ಹಾಗೆ ಆಗಲು ಆರು ತಿಂಗಳು ಬೇಕು. ವಯಸ್ಸಾದವರು ಹತ್ತು ದಿನ ಮಲಗಿದ್ದರೂ ಕಾಲಿನ ಮಾಂಸಖಂಡ ಎದ್ದು ಕಾಣುವಷ್ಟು ಕರಗುತ್ತದೆ. ಹಾಗಾಗಿ ಮೆಟ್ಟಿಲಲ್ಲಿ ದಮ್ಮು ಹತ್ತಿದ್ದು ಕಾಯಿಲೆ ಮರಳಿದ್ದರಿಂದಲ್ಲ, ಕಾಲಿನ ಶಕ್ತಿ ಇಳಿದದ್ದರಿಂದ ಇರಬಹುದು. ಕೈ ಊರದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತೀರಿ ನೋಡೋಣ ಎಂದೆ. ಅರವತ್ತರ ಆಸುಪಾಸಿನ ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ಕಾಲು ಸೋತಿದೆ ಅಂತ ಅರ್ಥ. ಅಕ್ಕೋರಿಗೆ ಎಂಟು ಸಲ ಆಯಿತು. ಎಂಟು ಅಂತ ತಾವೇ ಬರೆದುಕೊಂಡರು.

ಡಿಸೆಂಬರ್ ಓಟ ಈ ವರ್ಷ ಬೇಡ ಎಂದೆ. ಇದನ್ನು ಹೇಳುವಾಗ ನನಗೂ ಬೇಜಾರಾಯಿತು. ಅಕ್ಕೋರ ಕಣ್ಣು ತುಂಬಿತು. ಫೌಜಾ ಸಿಂಗ್ ಮಾತು ಮತ್ತೆ ಎತ್ತಿದೆ. ಮಗನನ್ನು ಕಳೆದುಕೊಂಡ ದುಃಖದಲ್ಲಿ ಓಟ ಹಿಡಿದ ಆ ಅಜ್ಜ 2000ದಲ್ಲಿ ಲಂಡನ್ ಮ್ಯಾರಥಾನ್ ಮುಗಿಸಲು ತೆಗೆದುಕೊಂಡದ್ದು 6 ಗಂಟೆ 54 ನಿಮಿಷ. ಅವಸರ ಮಾಡದವರಿಗೆ ಅವರು ಮಾದರಿ, ಅಲ್ವಾ?

ಮೊದಲ ಎರಡು ವಾರ ಬೆಳಗ್ಗೆ ಸಂಜೆ ಹತ್ತು ಹತ್ತು ನಿಮಿಷ ನಡಿಗೆ, ಜೊತೆಗೆ ಕುರ್ಚಿಯ ವ್ಯಾಯಾಮ. ಆಮೇಲೆ ನಡಿಗೆಯ ನಡುವೆ ಅರ್ಧ ನಿಮಿಷ ಓಟ, ಎರಡು ನಿಮಿಷ ನಡಿಗೆ. ದಿನ ಬಿಟ್ಟು ದಿನ. ಮರುದಿನ ಬೆಳಗ್ಗೆ ಏಳಲು ಕಷ್ಟವಾದರೆ ಹಿಂದಿನ ದಿನ ಜಾಸ್ತಿ ಆಯಿತು ಅಂತ ತಿಳಿದು ಒಂದು ಹೆಜ್ಜೆ ಹಿಂದೆ ಬರಬೇಕು. ಎದೆನೋವು, ತಲೆಸುತ್ತು, ಜ್ವರ, ಇಲ್ಲವೇ ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಆಮ್ಲಜನಕ ಶೇ. 92ಕ್ಕಿಂತ ಕೆಳಗೆ ಬಂದರೆ ಓಟ ನಿಲ್ಲಿಸಿ ಸೀದಾ ಡಾಕ್ಟರ್ ಹತ್ತಿರ. ಚಳಿಯ ಒಣಗಾಳಿಗೆ ಕೆಮ್ಮು ಏಳುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಊಟದಲ್ಲಿ ರೊಟ್ಟಿಯ ಜೊತೆ ಹೆಸರುಕಾಳು, ಮೊಸರು, ಶೇಂಗಾ ಚಟ್ನಿ ದಿನಾ ಇರಲಿ, ಕಾಲಿಗೆ ಮಾಂಸ ತುಂಬಬೇಕಲ್ಲ.

ಇಷ್ಟನ್ನು ಯಾರು ಬೇಕಾದರೂ ಹೇಳಬಹುದಿತ್ತು. ಭಯಕ್ಕೆ ಏನು ಮಾಡುವುದು ಅನ್ನುವುದೇ ನನಗಿದ್ದ ಚಿಂತೆ.

ಓಡುವಾಗ ಮಾತಾಡಲು ಆದರೆ ವೇಗ ಸರಿ ಇದೆ ಅಂತ ಓಟಗಾರರೆಲ್ಲ ಬಲ್ಲರು. ಏನು ಮಾತಾಡುವುದು? ಮೂವತ್ತು ವರ್ಷ ಮಗ್ಗಿ ಹೇಳಿಸಿದ ಬಾಯಿ ಅದು. "ಓಡುತ್ತಾ ಗಟ್ಟಿಯಾಗಿ ಮಗ್ಗಿ ಹೇಳಿ. ಸಾಲು ಮಧ್ಯೆ ತುಂಡಾದರೆ ನಡೆಯಿರಿ," ಎಂದೆ. ಮಗನಿಗೆ ಬೇರೆ ಕೆಲಸ ಕೊಟ್ಟೆ. ಜೊತೆಗೆ ಹೋಗಬೇಕು, ಹತ್ತು ಹೆಜ್ಜೆ ಮುಂದಿರಬೇಕು, ಹಿಂದೆ ತಿರುಗಬಾರದು, ಮಗ್ಗಿ ಕೇಳಿಸಿಕೊಳ್ಳಬೇಕು. ಹೆದರಿದವರಿಗೆ ಹೆದರಬೇಡ ಅಂದರೆ ಪ್ರಯೋಜನವಿಲ್ಲ, ಕೈಗೊಂದು ಕೆಲಸ ಕೊಡಬೇಕು ಅನ್ನುವುದು ನನ್ನ ಅನುಭವ.

ಮೊದಲ ವಾರ ಅವನು ಹತ್ತು ಸಲ ತಿರುಗಿದನಂತೆ. ಜನವರಿ ಹೊತ್ತಿಗೆ ಕುರ್ಚಿಯ ಲೆಕ್ಕ 13ಕ್ಕೆ ಬಂತು. ಶೂ ಈಗ ಬಾಗಿಲ ಬಳಿ ಇರುತ್ತವೆ, ರಾತ್ರಿಯೇ ಅವನೇ ತೆಗೆದಿಡುತ್ತಾನೆ.

ಮಾರ್ಚ್‌ನಲ್ಲಿ ಅವನೇ ಬಂದು ಹೇಳಿದ. ಬಿಸಿಲು ಏರುವ ಮೊದಲೇ, ಐದೂವರೆಗೆ ಕ್ರೀಡಾಂಗಣಕ್ಕೆ ಹೋಗಿದ್ದರು. ಅಕ್ಕೋರು 400 ಮೀಟರಿನ ಪೂರ್ತಿ ಸುತ್ತು ಓಡಲು ಹೊರಟಿದ್ದರು. ಮುಕ್ಕಾಲು ಸುತ್ತಿನಲ್ಲಿ ಹತ್ತೊಂಬತ್ತರ ಮಗ್ಗಿ ಮಧ್ಯಕ್ಕೆ ನಿಂತಿತು. ಇವನ ಕಾಲೂ ನಿಂತವು. ತಿರುಗಿ ನೋಡಿದರೆ ಅವ್ವ ಆರಾಮಾಗಿ ನಡೆಯುತ್ತಿದ್ದರು, ಕೈ ಎದೆಯ ಮೇಲೆ ಇರಲಿಲ್ಲ. ಎರಡು ನಿಮಿಷ ನಡೆದು, ಹತ್ತೊಂಬತ್ತು ಐದ್ಲೆ ತೊಂಬತ್ತೈದು ಅಂತ ಬಿಟ್ಟ ಕಡೆಯಿಂದಲೇ ಮತ್ತೆ ಓಟ ಹಿಡಿದರಂತೆ.