ಜೋಳ ತಿನ್ನುವ ರಕೂನ್‌ಗೆ ಯಾವ ಬೋನು?

ಪ್ರಶ್ನೆ: ಅಕ್ಕಾ, ಕೊಲಂಬಸ್ ಹತ್ತಿರ ಮನೆ ಕೊಂಡು ಎರಡು ವರ್ಷ ಆಯ್ತು. ಹಿತ್ತಲಲ್ಲಿ ನಾಲ್ಕು ಸಾಲು ಸ್ವೀಟ್ ಕಾರ್ನ್ ಹಾಕಿದ್ದೆ. ಕಳೆದ ಆಗಸ್ಟಿನಲ್ಲಿ ‘ನಾಡಿದ್ದು ಕೀಳೋಣ’ ಅಂದುಕೊಂಡಿದ್ದೆ, ಅಷ್ಟರಲ್ಲಿ ಕಣ್ಣ ಸುತ್ತ ಕಪ್ಪು ಪಟ್ಟೆಯ ಈ ಕಾಡುಪ್ರಾಣಿ, ರಕೂನ್‌ಗಳು ಬಂದು ಒಂದೇ ರಾತ್ರಿಯಲ್ಲಿ ಎಲ್ಲ ಮಲಗಿಸಿಬಿಟ್ಟವು. ಪಕ್ಕದ ಮನೆಯವರು ‘ಡಾಗ್ ಪ್ರೂಫ್’ ಬೋನು ಇಡಿ ಅನ್ನುತ್ತಾರೆ. ಅಂಗಡಿಯವನು ತಂತಿಯ ಪಂಜರ ತೋರಿಸಿದ. ನನ್ನ ಹೆಂಡತಿಗೆ ಕೊಲ್ಲುವುದು ಇಷ್ಟವಿಲ್ಲ, ಹಿಡಿದು ದೂರದ ಪಾರ್ಕಿನಲ್ಲಿ ಬಿಟ್ಟು ಬರೋಣ ಅನ್ನುತ್ತಾಳೆ. ನಮ್ಮ ಬೀದಿಯಲ್ಲಿ ಬೆಕ್ಕು, ನಾಯಿ ಜಾಸ್ತಿ. ಯಾವುದು ಸರಿ?
– ಓದುಗರು, ಒಹಾಯೊ

ಉತ್ತರ: ಬೋನಿನ ಮಾತು ಆಮೇಲೆ. ಬೆಳಿಗ್ಗೆ ಆರು ಗಂಟೆಗೆ ಕಾಫಿ ಲೋಟ ಹಿಡಿದು ಹಿತ್ತಲಿಗೆ ಹೋಗುತ್ತೀರಿ ಅಂತಿಟ್ಟುಕೊಳ್ಳಿ. ಬೋನಿನಲ್ಲಿ ಏಳೆಂಟು ಕಿಲೋದ ಪ್ರಾಣಿ ಗುರ್ರ್ ಅನ್ನುತ್ತಾ ಕೂತಿದೆ. ಈಗ ಏನು ಮಾಡುತ್ತೀರಿ? ಇದಕ್ಕೆ ಉತ್ತರ ಇಲ್ಲದೆ ಬೋನು ಕೊಳ್ಳಬೇಡಿ. ನಾನು ಕೊಂಡೆ, ಅದಕ್ಕೇ ಹೇಳುತ್ತಿದ್ದೇನೆ.

ಪಾರ್ಕಿನಲ್ಲಿ ಬಿಡುವ ಆಸೆ ಬಿಡಿ. ಒಹಾಯೊದಲ್ಲಿ ಹಿಡಿದ ರಕೂನ್‌ ಅನ್ನು ಹಿಡಿದ ಜಾಗದಲ್ಲೇ ಬಿಡಬೇಕು, ಇಲ್ಲವೇ ನೋವಿಲ್ಲದಂತೆ ಕೊಲ್ಲಬೇಕು. ಬೇರೆ ಕಡೆ ಒಯ್ದು ಬಿಡುವ ಹಾಗಿಲ್ಲ. ಇದು ಸುಮ್ನೆ ಮಾಡಿದ ಕಾನೂನಲ್ಲ. ರಕೂನ್‌ಗಳಿಂದ ರೇಬಿಸ್ ಹರಡುತ್ತದೆ, ನಾಯಿಗಳಿಗೆ ಬರುವ ಡಿಸ್ಟೆಂಪರ್ ಕೂಡ ಅವುಗಳಲ್ಲಿ ಇರುತ್ತದೆ. ರಾಜ್ಯದ ಪೂರ್ವ ಭಾಗದಲ್ಲಿ ರೇಬಿಸ್ ಲಸಿಕೆ ತುಂಬಿದ ತಿಂಡಿಯ ತುಂಡುಗಳನ್ನು ವಿಮಾನದಿಂದ ಚೆಲ್ಲಿ ಆ ರೋಗ ಪಶ್ಚಿಮಕ್ಕೆ ದಾಟದಂತೆ ತಡೆಯುತ್ತಾರೆ. ನೀವು ಒಂದನ್ನು ಕಾರಿನಲ್ಲಿ ಹಾಕಿಕೊಂಡು ಐವತ್ತು ಮೈಲಿ ಆಚೆ ಬಿಟ್ಟರೆ ಅಷ್ಟೂ ನೀರಲ್ಲಿ ಹೋಮ. ನಿಮ್ಮ ಮನೆಯವರದ್ದು ಒಳ್ಳೆಯ ಮನಸ್ಸು, ಆದರೆ ಗೊತ್ತಿಲ್ಲದ ಜಾಗದಲ್ಲಿ ಬಿಟ್ಟ ರಕೂನ್‌ ಬದುಕಿ ಉಳಿಯುವುದೂ ಕಷ್ಟ.

ಇನ್ನು ಬೋನು. ತೊರೆ ಪಕ್ಕ ರಕೂನ್‌ ಹಿಡಿಯುವವರು ನೀರಿನ ಅಂಚಿನಲ್ಲೇ ಬೋನು ಹೂಡುತ್ತಾರೆ, ಅಲ್ಲಿ ನಾಯಿ ಬೆಕ್ಕಿನ ಓಡಾಟ ಕಡಿಮೆ. ಒಣನೆಲದಲ್ಲಿ ಎಲ್ಲರೂ ಓಡಾಡುತ್ತಾರೆ. ನನ್ನ ಮೊದಲ ಬೋನು 32 ಇಂಚು ಉದ್ದದ ತಂತಿಯ ಪಂಜರ. ಮಲೆನಾಡಿನವಳ ಬುದ್ಧಿ ನೋಡಿ, ಮೀನಿನ ವಾಸನೆಗೆ ಬರದ ಪ್ರಾಣಿ ಉಂಟೇ ಅಂತ ಒಂದು ಡಬ್ಬಿ ಸಾರ್ಡೀನ್ ಇಟ್ಟೆ. ಮೊದಲ ರಾತ್ರಿ ಬಿದ್ದದ್ದು ಪಕ್ಕದ ಮನೆಯ ಕಿತ್ತಳೆ ಬಣ್ಣದ ಬೆಕ್ಕು. ಮೂರನೇ ರಾತ್ರಿ ಸ್ಕಂಕ್, ಹೆದರಿದರೆ ಬಾಲದ ಬುಡದಿಂದ ಗಬ್ಬು ದ್ರವ ಸಿಡಿಸುವ ಪ್ರಾಣಿ! ನಮ್ಮ ಯಜಮಾನರ ಹಳೇ ಪಂಚೆಯನ್ನು ಮುಂದೆ ಅಡ್ಡ ಹಿಡಿದು, ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಹೋಗಿ, ಪಂಜರದ ಮೇಲೆ ಮೆತ್ತಗೆ ಹೊದಿಸಿದೆ. ಕತ್ತಲಾದರೆ ಸ್ಕಂಕ್ ಸಾಮಾನ್ಯವಾಗಿ ಸಿಡಿಸುವುದಿಲ್ಲ. ಬಾಗಿಲು ಎತ್ತಿ ಕಟ್ಟಿ ಓಡಿ ಬಂದೆ. ಪಂಚೆ ಮಾತ್ರ ಮತ್ತೆ ಮನೆಯೊಳಗೆ ಬರಲಿಲ್ಲ.

ಅಂದಿನಿಂದ ಮಾಂಸ ಮೀನು ಬಿಟ್ಟು ಮೆತ್ತನೆಯ ಸಕ್ಕರೆ ಮಿಠಾಯಿ ಮಾರ್ಷ್‌ಮೆಲ್ಲೊ ಇಡುತ್ತೇನೆ. ಬೆಕ್ಕಿಗೆ ಸಿಹಿಯ ರುಚಿ ಗೊತ್ತಾಗುವುದಿಲ್ಲ, ರಕೂನ್‌ಗೆ ಅದೇ ಪ್ರಾಣ. ತಿಂಡಿಯನ್ನು ಪಂಜರದ ತುದಿಯಲ್ಲಿ, ಕಾಲಿಟ್ಟರೆ ಬಾಗಿಲು ಬೀಳುವ ಹಲಗೆಯಿಂದ ಹಿಂದೆ ಇಡಿ. ಆ ತುದಿಗೆ ಹೊರಗಿನಿಂದ ಸಣ್ಣ ಕಣ್ಣಿನ ಜಾಲರಿ ಸುತ್ತಿ, ಇಲ್ಲದಿದ್ದರೆ ಕಳ್ಳ ಹೊರಗೇ ಕೂತು ಕೈ ಹಾಕಿ ತಿಂದು ಹೋಗುತ್ತಾನೆ. ಪಂಜರಕ್ಕೆ ಗೂಟ ಹೊಡೆದು ಕಟ್ಟಿ, ಉರುಳಿಸಿಬಿಡುತ್ತವೆ. ಒಮ್ಮೆ ಪಕ್ಕದಲ್ಲಿ ಒಣಗಲು ಹಾಕಿದ್ದ ಟವೆಲನ್ನೇ ಕಂಬಿಯೊಳಗಿಂದ ಎಳೆದುಕೊಂಡು ಚಿಂದಿ ಮಾಡಿಟ್ಟಿತ್ತು.

ನಿಮ್ಮ ಪಕ್ಕದವರು ಹೇಳಿದ ಡಾಗ್ ಪ್ರೂಫ್ ಜಾಣತನದ ಬೋನೇ. ನೆಲಕ್ಕೆ ಚುಚ್ಚಿದ ಸಣ್ಣ ಕೊಳವೆ. ತಳದಲ್ಲಿ ತಿಂಡಿ. ಕೈ ಹಾಕಿ ಹಿಡಿದು ಮೇಲಕ್ಕೆ ಎಳೆದರೆ ಸ್ಪ್ರಿಂಗ್ ಬಿದ್ದು ಮುಂಗೈ ಸಿಕ್ಕಿಕೊಳ್ಳುತ್ತದೆ. ನಾಯಿಗೆ ಹಾಗೆ ಹಿಡಿದು ಎಳೆಯಲು ಬರುವುದಿಲ್ಲ, ಅದಕ್ಕೇ ಆ ಹೆಸರು. ಕೊಳ್ಳುವುದಾದರೆ ಎಳೆದರೆ ಮಾತ್ರ ಬೀಳುವಂಥದ್ದು ಕೊಳ್ಳಿ. ಒತ್ತಿದರೂ ಬೀಳುವ ಬಗೆಯಲ್ಲಿ ಬೇರೆ ಪ್ರಾಣಿಗಳು ಸಿಕ್ಕುವ ಸಾಧ್ಯತೆ ಜಾಸ್ತಿ. ಸಾಧಾರಣ ಕಾಲುಬೋನಿಗೆ ಸಿಕ್ಕಿದ ರಕೂನ್‌ ತನ್ನ ಕಾಲನ್ನೇ ಕಚ್ಚಿಕೊಳ್ಳುವುದುಂಟು. ಕೊಳವೆಯಲ್ಲಿ ಕೈ ಮುಚ್ಚಿಹೋಗುವುದರಿಂದ ಅದು ಕಡಿಮೆ. ಆದರೆ ಬೆಳಿಗ್ಗೆ ಸರಪಳಿಯಲ್ಲಿ ಸಿಟ್ಟಾದ ಪ್ರಾಣಿ ಬಯಲಲ್ಲೇ ಇರುತ್ತದೆ. ಹೊಲದವರು ಗುಂಡು ಹೊಡೆಯುತ್ತಾರೆ. ಮನೆಗಳ ಮಧ್ಯೆ ನಿಮಗೆ ಅದು ಸಾಧ್ಯವೇ? ಬಿಡಿಸಲು ಹೋದರೆ ಕಚ್ಚಿಸಿಕೊಳ್ಳುತ್ತೀರಿ. ಹಾಗಾಗಿ ನಿಮಗೆ ಅದು ಬೇಡ.

ಕುತ್ತಿಗೆಗೆ ಬಡಿದು ಕೊಲ್ಲುವ ಕಾನಿಬೇರ್ ಬೋನಿನ ಹೆಸರೂ ಎತ್ತಬೇಡಿ. ನೆಲದ ಮೇಲೆ ಬಿಚ್ಚಿಟ್ಟರೆ ಅದಕ್ಕೆ ಬೆಕ್ಕು, ನಾಯಿ, ರಕೂನ್‌ ಎಲ್ಲ ಒಂದೇ. ಅಂದ ಹಾಗೆ, ರಾಜ್ಯ ಬದಲಾದರೆ ಕಾನೂನೂ ಬದಲು. ಮ್ಯಾಸಚೂಸೆಟ್ಸ್‌ನಲ್ಲಿ ಜನ 1996ರಲ್ಲಿ ಮತ ಹಾಕಿ ಕಾಲು ಹಿಡಿಯುವ, ಮೈ ಹಿಡಿಯುವ ಬೋನುಗಳನ್ನು ನಿಲ್ಲಿಸಿದರು.

ಅಂದರೆ ನಿಮ್ಮ ಬೀದಿಗೆ ಪಂಜರವೊಂದೇ. ಬೆಕ್ಕು ಬಿದ್ದರೆ ಬಾಗಿಲು ತೆಗೆದರಾಯ್ತು. ದಿನಾ ಬೆಳಿಗ್ಗೆ ನೋಡಲೇಬೇಕು, ಆಗಸ್ಟಿನ ಬಿಸಿಲಿನಲ್ಲಿ ಪ್ರಾಣಿ ಬೇಯುತ್ತದೆ. ರಕೂನ್‌ ಬಿದ್ದರೆ ಏನು ಮಾಡಬೇಕು ಅನ್ನುವುದನ್ನು ಲೈಸೆನ್ಸ್ ಇರುವ ಬೋನಿನವರ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ. ಕೆಲವರು ನೀರಿನಲ್ಲಿ ಮುಳುಗಿಸುವುದನ್ನು ಕೇಳಿದ್ದೇನೆ. ದಯವಿಟ್ಟು ಬೇಡ, ಅದು ಹಿಂಸೆ.

ನನ್ನನ್ನು ಕೇಳಿದರೆ, ಜೋಳ ಉಳಿಸಲು ಬೋನೇ ಬೇಡ. ಆಗಸ್ಟಿನಲ್ಲಿ ತಾಯಿ ಮರಿಗಳನ್ನು ಹಿಂದೆ ಕಟ್ಟಿಕೊಂಡು ಬರುತ್ತದೆ. ಒಂದನ್ನು ಹಿಡಿದರೆ ಉಳಿದವು ಜೋಳ ಮುಗಿಸುತ್ತವೆ. ನಾನು ಎರಡು ಎಳೆ ಕರೆಂಟ್ ತಂತಿ ಎಳೆಯುತ್ತೇನೆ, ನೆಲದಿಂದ 6 ಇಂಚಿಗೆ ಒಂದು, 12 ಇಂಚಿಗೆ ಇನ್ನೊಂದು. ಬೇಲಿಗೆಂದೇ ಮಾರುವ ಬ್ಯಾಟರಿ ಪೆಟ್ಟಿಗೆಯನ್ನೇ ಜೋಡಿಸಬೇಕು, ಮನೆಯ ಕರೆಂಟನ್ನು ನೇರವಾಗಿ ಕೊಡಬಾರದು. ಜೋಳ ಹಣ್ಣಾಗುವ ಎರಡು ವಾರ ಮೊದಲೇ ಶುರು ಮಾಡಿ. ರುಚಿ ನೋಡಿದ ಮೇಲೆ ಬೇಲಿ ಹಾಕಿದರೆ ಏನಾದರೂ ಮಾಡಿ ನುಗ್ಗುತ್ತವೆ. ತಂತಿಯ ಕೆಳಗಿನ ಹುಲ್ಲು ಕತ್ತರಿಸುತ್ತಿರಿ, ಹುಲ್ಲು ತಾಗಿದರೆ ಕರೆಂಟ್ ನೆಲಕ್ಕೆ ಹೋಗುತ್ತದೆ. ಈ ಬೇಲಿ ಹಾಕಿದ ಮೊದಲ ವರ್ಷ ಮೂರು ಸಾಲಿನಲ್ಲಿ ನಾಲ್ಕೇ ತೆನೆ ಹೋದವು, ಅದೂ ನಾನು ಸ್ವಿಚ್ ಹಾಕಲು ಮರೆತ ರಾತ್ರಿ.

ಪ್ರಶ್ನೆ: ಬಾಳೆಗೊನೆಗೆ ಕಬ್ಬೆಕ್ಕಿನ ಕಾಟ. ಅಮೆರಿಕದ ಆ ಪಂಜರ ಇಲ್ಲಿಗೂ ಆಗುತ್ತದೆಯೇ?
– ಓದುಗರು, ಶಿರಸಿ

ಉತ್ತರ: ಬೇಡ ಮಾರಾಯ್ರೇ. 1972ರ ವನ್ಯಜೀವಿ ಕಾಯ್ದೆಯ ಲೆಕ್ಕದಲ್ಲಿ ಬೋನಿಟ್ಟು ಹಿಡಿಯುವುದೂ ಬೇಟೆಯೇ. ಕೇಸು ನಿಮ್ಮ ಮೇಲೆ ಬರುತ್ತದೆ. ಗೊನೆ ಬಲಿಯುತ್ತಿದ್ದ ಹಾಗೆ ಗೋಣಿಚೀಲ ಹೊದಿಸಿ ಬಾಯಿ ಬಿಗಿಯಾಗಿ ಕಟ್ಟಿ, ಹಣ್ಣಾಗುವ ಮೊದಲೇ ಕಡಿದು ಅಟ್ಟಕ್ಕೆ ಹಾಕಿ. ಅಟ್ಟದಲ್ಲೂ ಅದೇ ಕಬ್ಬೆಕ್ಕು ವಾಸವಾಗಿದ್ದರೆ ಮೊದಲು ಹೆಂಚಿನ ಸಂದಿ ಮುಚ್ಚಿಸಿ, ಅದೂ ಅದು ಹೊರಗೆ ಹೋದ ರಾತ್ರಿ, ಒಳಗೆ ಮರಿ ಇಲ್ಲವೆಂದು ನೋಡಿಕೊಂಡು.