ಬಟ್ಟೆಯ ಹೊಲಿಗೆ ಬಿಚ್ಚಿ, ಮತ್ತೆ ಹೊಲಿದು ಏನಾದರೂ ಮಾಡುವ ಹುಚ್ಚು ಡಿಸೈನ್ ಕೆಲಸಕ್ಕೆ ದಾರಿಯಾಗುತ್ತಾ?

ಖಂಡಿತ ಆಗುತ್ತದೆ. ಕೈಯಿಂದ ಮಾಡಿದವರಿಗೆ ವಸ್ತುವಿನ ಗುಣ ಗೊತ್ತಿರುತ್ತದೆ. ಅದನ್ನು ಬಳಸುವವರ ಅಗತ್ಯಕ್ಕೆ ಹೊಂದಿಸುವುದೇ ಡಿಸೈನ್.

ನಮ್ಮ ಬಳ್ಳಾರಿ ಜೀನ್ಸ್ ನೋಡಿ. ಹಿಂಬದಿಯಲ್ಲಿ ಸೊಂಟಪಟ್ಟಿಯ ಕೆಳಗೆ ಓರೆಯಾಗಿ ಕತ್ತರಿಸಿದ ತುಂಡೊಂದು ಇರುತ್ತದೆ, ಅದೇ ಯೋಕ್. ಸುಮ್ನೆ ಅಂದಕ್ಕೆ ಇಟ್ಟಿದ್ದಲ್ಲ. ದಪ್ಪ ಬಟ್ಟೆ ಮೈಗೆ ತಕ್ಕಂತೆ ಸುಲಭಕ್ಕೆ ಬಾಗುವುದಿಲ್ಲ. ಸೊಂಟದ ತಿರುವಿಗೆ ಆಕಾರ ಕೊಡುವುದು ಆ ಜೋಡಣೆಯೇ. ಹಳೇ ಪ್ಯಾಂಟಿನ ಹೊಲಿಗೆ ಬಿಚ್ಚಿ ಮತ್ತೆ ಹೊಲಿದವರಿಗೆ ಇದು ತಾನಾಗಿಯೇ ತಿಳಿಯುತ್ತದೆ. ಅದನ್ನು ಕಾಗದದ ಮೇಲೆ ಪ್ಯಾಟರ್ನ್ (ಬಟ್ಟೆ ಕತ್ತರಿಸುವ ಅಚ್ಚು) ಆಗಿ ಬರೆದು, ಬೇರೆಯವರ ಅಳತೆಗೆ ತಿದ್ದಲು ಬಂದರೆ ಅಲ್ಲಿಂದ ವೃತ್ತಿ ಶುರು.

ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ (ಎನ್‌ಐಡಿ) 4 ವರ್ಷದ ಬಿ.ಡಿಸ್ (ಡಿಸೈನ್ ಪದವಿ) ಪ್ರವೇಶ ಪರೀಕ್ಷೆ ಬರೆಯಬಹುದು. ಮಾಡಿದ್ದರ ಫೋಟೋ, ಅಳತೆಯ ಚೀಟಿ ಈಗಿನಿಂದಲೇ ಎತ್ತಿಡಿ.