ತುಕ್ಕು ಹಿಡಿದ ಪಿನ್ನಿನ ಮೇಲೆ ಟೇಪ್ ಹಚ್ಚಬೇಡಿ

ಕುಮಟೆಯ ಗೆಳೆಯರೇ, ಹಳೆಯ ಪೇಪರ್‌ಬ್ಯಾಕ್ ‘ಸಂಸ್ಕಾರ’ ಸಿಕ್ಕಿದ್ದು ಖುಷಿ. ಆದರೆ ಬೂಸ್ಟು ಹೋಗಲೆಂದು ಅದನ್ನು ಅಂಗಳದ ಬಿಸಿಲಿಗೆ ಹರವಿ, ಬೆನ್ನಿಗೆ ಸೆಲ್ಲೋಟೇಪ್ ಹಚ್ಚಿದ ಫೋಟೋ ನೋಡಿ ಸುಮ್ಮನಿರಲಾಗಲಿಲ್ಲ. ನಾನೂ ಇದೇ ತಪ್ಪು ಮಾಡಿದವನೇ. ಬಿಸಿಲಲ್ಲಿ ಒಣಗಿಸಿ ಚಾಲಿ ಮಾಡೋಕೆ ಅದು ಅಡಿಕೆಯಲ್ಲ ಮಾರಾಯ್ರೆ! ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ಮರದ ಅಂಶ ಇರುತ್ತದೆ, ಬಿಸಿಲು ತಾಗಿದಷ್ಟೂ ಕೆಂಪಾಗಿ ಹಪ್ಪಳದ ಹಾಗೆ ಮುರಿಯುತ್ತದೆ. ನೆರಳಲ್ಲಿ, ಗಾಳಿಯಾಡುವ ಕಡೆ ಪೂರ್ತಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಮನೆ ಹೊರಗೆ ಮೆತ್ತನೆಯ ಬ್ರಷ್‌ನಲ್ಲಿ ಝಾಡಿಸಿ. ಹಸಿಬೂಸ್ಟು ಉಜ್ಜಿದರೆ ಒಳಗಿಳಿಯುತ್ತದೆ.

ಟೇಪನ್ನು ಸರ್ರನೆ ಎಳೆಯಬೇಡಿ. ಹೇರ್ ಡ್ರೈಯರ್ ಸಣ್ಣಗಿಟ್ಟು ಅಂಟು ಮೆತ್ತಗಾದ ಮೇಲೆ, ಟೇಪನ್ನು ಅದರ ಮೇಲೇ ಮಡಚಿದಂತೆ ನಿಧಾನಕ್ಕೆ ಬಿಡಿಸಿ.

ನಿಮ್ಮ ಪುಸ್ತಕದ ನಿಜವಾದ ರೋಗ ಬದಿಗೆ ಹೊಡೆದ ಎರಡು ತಂತಿ ಪಿನ್ನು. ಕರಾವಳಿಯ ಉಪ್ಪುಗಾಳಿಗೆ ಅವು ತುಕ್ಕು ಹಿಡಿದು ಊದಿಕೊಂಡು, ಸುತ್ತಲಿನ ಕಾಗದವನ್ನೇ ತಿನ್ನುತ್ತಿವೆ. ರಕ್ಷಾಪುಟ ಹೇಗೂ ಸಡಿಲವಾಗಿದೆ, ಪೂರ್ತಿ ಬೇರ್ಪಡಿಸಿ ಇಟ್ಟುಕೊಳ್ಳಿ. (ಗಟ್ಟಿಯಾಗಿ ಅಂಟಿದ್ದರೆ ಪಿನ್ನಿನ ತಂಟೆಗೇ ಹೋಗಬೇಡಿ ಅನ್ನುತ್ತಿದ್ದೆ.) ಹಿಂಬದಿಯಲ್ಲಿ ಮಡಚಿದ ಕಾಲುಗಳ ಅಡಿಗೆ ತೆಳು ಪ್ಲಾಸ್ಟಿಕ್ ತುಂಡು ತೂರಿಸಿ, ಮೊಂಡು ಚಾಕುವಿನಿಂದ ಕಾಲು ನೆಟ್ಟಗೆ ಮಾಡಿ. ಆಮೇಲೆ ಮುಂದಿನಿಂದ ಚೂಪು ಮೂತಿಯ ಇಕ್ಕಳದಲ್ಲಿ ನೇರ ಮೇಲಕ್ಕೆ ಎತ್ತಿ. ಓರೆ ಎಳೆದರೆ ತೂತು ಹರಿಯುತ್ತದೆ. ಬರದಿದ್ದರೆ ಕತ್ತರಿಸಿ ಎರಡು ತುಂಡಾಗಿ ತೆಗೆಯಿರಿ. ಉಳಿದ ತುಕ್ಕಿನ ಪುಡಿಗೆ ಒಣ ಬ್ರಷ್ ಮಾತ್ರ. ಬಟ್ಟೆಯ ಕಲೆಗೆ ಮಾಡಿದಂತೆ ಲಿಂಬೆಹುಳಿ ಹಿಂಡುವವರಿದ್ದಾರೆ, ಅವರ ಮಾತು ಕೇಳಬೇಡಿ.

ಹೊಸ ತೂತು ಬೇಡ, ಇರುವ ನಾಲ್ಕೇ ಸಾಕು. ಜೇನುಮೇಣ ಸವರಿದ ಹತ್ತಿ ನೂಲು 60 ಸೆಂ.ಮೀ. ಹಿಂದಿನಿಂದ ಒಂದನೇ ತೂತಲ್ಲಿ ಮೇಲೆ ಬಂದು, ಎರಡರಲ್ಲಿ ಇಳಿದು, ಮೂರರಲ್ಲಿ ಹತ್ತಿ, ನಾಲ್ಕರಲ್ಲಿ ಇಳಿಯಿರಿ. ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ವಾಪಸ್ ಬಂದು, ಹಿಂದೆ ಬಿಟ್ಟ ಬಾಲಕ್ಕೆ ಗಂಟು. ಬಿಗಿದು ಎಳೆದರೆ ನೂಲೇ ಕಾಗದ ಕೊಯ್ಯುತ್ತದೆ. ಪುಟ ತಿರುಗಿಸುವಾಗಲೇ ಮೂಲೆ ಮುರಿಯುವ ಸ್ಥಿತಿಯಿದ್ದರೆ ಹೊಲಿಗೆಯೂ ಬೇಡ, ಡಬ್ಬಿಯಲ್ಲಿಡಿ.

ರಕ್ಷಾಪುಟ ಮತ್ತೆ ಹಚ್ಚಲು ಫೆವಿಕಾಲ್ ನನಗಂತೂ ಆಗದು. ಮುಂದೆ ಬಿಡಿಸಲು ಹೋದರೆ ಕಾಗದವೇ ಕಿತ್ತು ಬರುತ್ತದೆ. ಒಂದು ಚಮಚ ಮೈದಾಕ್ಕೆ ಐದು ಚಮಚ ನೀರು, ಸಣ್ಣ ಉರಿಯಲ್ಲಿ ಅರೆಪಾರದರ್ಶಕ ಆಗುವಷ್ಟು ಕಾಯಿಸಿ, ಆರಿಸಿ, ತೆಳ್ಳಗೆ, ಬೆನ್ನಿಗಷ್ಟೇ. ಅಂದಂದಿನದು ಅಂದೇ. ಹುಳ ಬರುತ್ತದೆಂದು ಬೈಂಡರ್‌ಗಳು ಇದಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ತಂದದ್ದು ಶಿರಸಿ ಕಡೆಯ ಮನೆಗಳಲ್ಲಿ ಹೇಗೂ ಇರುತ್ತದೆ, ಆದರೆ ಅಂಟಿಗೆ ಹಾಕಬೇಡಿ. ತಾಮ್ರ ಕಾಗದವನ್ನು ಬೇಗ ಹಾಳು ಮಾಡುತ್ತದೆ. ಬೈಂಡರ್ ಹತ್ತಿರ ಕೊಟ್ಟಿರೋ, ಮೂರೂ ಬದಿ ಕತ್ತರಿಸಿ ರೆಕ್ಸಿನ್ ಹೊದಿಸಿ ಕೊಡುತ್ತಾರೆ. ಮೂಲ ರಕ್ಷಾಪುಟ ಹೋದ ಪ್ರತಿಯನ್ನು ಸಂಗ್ರಾಹಕರು ಕೇಳುವುದು ಕಡಿಮೆ.

ಹುಳದ ಅನುಮಾನವಿದ್ದರೆ ಪುಸ್ತಕ ಒಣಗಿದ ಮೇಲೆ ಜಿಪ್ ಚೀಲದಲ್ಲಿ ಮುಚ್ಚಿ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ. ತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ನೀರು ಕೂರುತ್ತದೆ. ಡಾಂಬರು ಗುಳಿಗೆ ಬೂಸ್ಟಿಗೆ ಏನೂ ಮಾಡದು. ಗಾಳಿಯ ತೇವಾಂಶ 65% ದಾಟಿದರೆ ಬೂಸ್ಟಿನ ಭಯ, ನಮ್ಮ ಆಷಾಢಕ್ಕೆ ಅದು 80ರ ಮೇಲೆ. ಗಾಳಿ ಹೋಗದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ 250 ಗ್ರಾಂ, ಒಂದು ಸಣ್ಣ ತೇವಮಾಪಕ. ನೀಲಿ ಜೆಲ್‌ನಲ್ಲಿ ಆರೋಗ್ಯಕ್ಕೆ ಒಳ್ಳೆಯದಲ್ಲದ ಕೋಬಾಲ್ಟ್ ಇರುತ್ತದೆ, ಕಿತ್ತಳೆಯದು ಕೊಳ್ಳಿ.

ಮೊದಲ ಮುದ್ರಣವೇ ಎಂದು ಕೇಳಿದ್ದಿರಲ್ಲ: ಮುದ್ರಣ ವಿವರದ ಪುಟದಲ್ಲಿ 1965 ಎಂದಿದ್ದರೆ ಸಾಲದು. ಮರುಮುದ್ರಣಗಳಲ್ಲೂ ‘ಮೊದಲ ಮುದ್ರಣ’ ಎಂದು ಆ ಇಸವಿ ಬರುತ್ತದೆ. ಅದರ ಕೆಳಗೆ ಇನ್ನೊಂದು ಸಾಲು ಇದೆಯೇ ನೋಡಿ, ಆ ಪುಟದ ಫೋಟೋ ಹಾಕಿ.